ಹಾಲು ಕಟ್ಟಿ ಎದೆ ಗಟ್ಟಿಯಾಗಿ ಮಗು ಮೊಲೆ ಹಿಡಿಯದಿದ್ದಾಗ

ಹೆರಿಗೆಯಾದ 3–5ನೇ ದಿನದ ಹೊತ್ತಿಗೆ ಎದೆ ಬಿಗಿದು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಊದಿ, ತೊಟ್ಟು ಚಪ್ಪಟೆಯಾಗುತ್ತದೆ. ಮಗು ಬಾಯಿ ಹಾಕಿದರೂ ಜಾರುತ್ತದೆ. ತುಂಬಿರುವುದು ಬರೀ ಹಾಲಲ್ಲ, ಊತದ ನೀರೂ ಇದೆ.

ಬಹಳ ಹೊತ್ತು ಬಿಸಿ ಶಾಖ ಕೊಟ್ಟಾಗ ಊತ ಹೆಚ್ಚಿತು. ಜೋರಾಗಿ ತಿಕ್ಕಿದರೂ ಅಷ್ಟೇ. ಪಂಪ್‌ನಿಂದ ಪೂರ್ತಿ ತೆಗೆದಾಗ ಹಾಲು ಇನ್ನೂ ಹೆಚ್ಚಾಗಿ ಬಂತು.

ಕೆಲಸ ಮಾಡಿದ್ದು ಹಾಲೂಡಿಸುವ ಮುಂಚಿನ ಒತ್ತು. ಮೊದಲು ಅಂಗಾತ ಮಲಗಿಕೊಳ್ಳಿ, ಊತ ಹಿಂದೆ ಸರಿಯಲು ಇದರಿಂದ ಅನುಕೂಲ. ಉಗುರು ಕತ್ತರಿಸಿದ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಎದೆಗೂಡಿನ ಕಡೆಗೆ ನೇರ ಒಳಕ್ಕೆ ಒತ್ತಿ 60 ಸೆಕೆಂಡ್ ಹಾಗೇ ಹಿಡಿಯಿರಿ. ನೋವಾದರೆ ಒತ್ತು ಜಾಸ್ತಿಯಾಯಿತೆಂದೇ ಅರ್ಥ. ಬೆರಳುಗಳ ಜಾಗ ಬದಲಿಸಿ ಮತ್ತೆ 60 ಸೆಕೆಂಡ್. ಬೆರಳಿಟ್ಟಲ್ಲಿ ಸಣ್ಣ ಗುಳಿ ಬಿದ್ದು ಮೆತ್ತಗಾಗಬೇಕು, ಆಗದಿದ್ದರೆ ಇನ್ನೊಂದು ಸುತ್ತು. ಕೈಯಿಂದ ನಾಲ್ಕು ಹನಿ ಹಿಂಡಿ, ತಕ್ಷಣ ಮಗುವಿಗೆ ಕೊಡಿ. ತಡವಾದರೆ ಮತ್ತೆ ಬಿಗಿಯುತ್ತದೆ.

ಕುಡಿಸಿದ ಮೇಲೆ ತಣ್ಣೀರ ಪಟ್ಟಿ, 10–15 ನಿಮಿಷ. ರಾತ್ರಿಯೂ ಸೇರಿ ದಿನಕ್ಕೆ 8–12 ಸಲ ಹಾಲೂಡಿಸಿ. ಒಂದು ಕಡೆ ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ, ಹಾಲೂಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.