ಕರೆಂಟ್ ಅಗ್ಗವಾದ ಭಾನುವಾರ ನನಗೆ ದುಬಾರಿಯಾದ ಕಥೆ

ಸ್ಟಾಕ್‌ಹೋಮ್‌ನಲ್ಲಿ ಹೊಸದಾಗಿ ಮನೆ ಕೊಂಡವರಿಂದ ಬಿಲ್ಲಿನ ಫೋಟೊ ಬರುವುದು ನಿಂತಿಲ್ಲ. "ಅಗ್ಗದ ಹೊತ್ತಲ್ಲೇ ಬಳಸಿದ್ವಿ, ಆದ್ರೂ ಯಾಕಿಷ್ಟು?" ಮೊದಲ ಚಳಿಗಾಲದಲ್ಲಿ ನಾನೂ ಇದನ್ನೇ ಕೇಳಿದ್ದೆ.

ಇಲ್ಲಿ ಕರೆಂಟ್ ಮಾರುವವರು ಬೇರೆ, ಅದನ್ನು ಮನೆಗೆ ತಲುಪಿಸುವ ತಂತಿಯವರು ಬೇರೆ ಅನ್ನುವುದು ನಿಮಗೆ ಗೊತ್ತು. ನಾರ್ಡ್ ಪೂಲ್ ಅನ್ನುವ ವಿದ್ಯುತ್ ಮಾರುಕಟ್ಟೆಯ ನಾಳೆಯ ದರ ಮಧ್ಯಾಹ್ನ ಒಂದರ ಸುಮಾರಿಗೆ ಬರುತ್ತದೆ, 2025ರ ಅಕ್ಟೋಬರ್‌ನಿಂದ ಕಾಲು ಗಂಟೆಗೊಂದು ದರ. ಆ್ಯಪ್‌ನಲ್ಲಿ ಅದನ್ನೂ ನೋಡಿರುತ್ತೀರಿ. ನೀವು ನೋಡದೇ ಇರುವುದು ತಂತಿಯವರ ಬಿಲ್ಲಿನ 'ಎಫೆಕ್ಟ್‌ಅವ್‌ಯಿಫ್ಟ್' ಅನ್ನುವ ಸಾಲು.

ಇದು ಎಷ್ಟು ಯೂನಿಟ್ ಉರಿಸಿದಿರಿ ಅನ್ನುವುದಕ್ಕಲ್ಲ, ಒಂದೇ ಗಂಟೆಯಲ್ಲಿ ಎಷ್ಟು ಎಳೆದಿರಿ ಅನ್ನುವುದಕ್ಕೆ ತೆರುವ ದುಡ್ಡು. ನಮ್ಮ ಏರಿಯಾದ ಕಂಪನಿ ತಿಂಗಳಲ್ಲಿ ಬೇರೆ ಬೇರೆ ಮೂರು ದಿನಗಳ ಅತಿ ಭಾರದ ಗಂಟೆಗಳನ್ನು ಹೆಕ್ಕಿ, ಸರಾಸರಿ ತೆಗೆದು, ಕಿಲೊವ್ಯಾಟ್‌ಗೆ ಸುಮಾರು 80 ಕ್ರೋನ ಹಾಕುತ್ತಿತ್ತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅರ್ಧ ಲೆಕ್ಕ.

ಆ ಫೆಬ್ರವರಿಯಲ್ಲಿ ಮೂರು ಭಾನುವಾರ ಗಾಳಿ ಜೋರಾಗಿ ಬೀಸಿ ಮಧ್ಯಾಹ್ನದ ದರ ನೆಲ ಕಚ್ಚಿತ್ತು. ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್‌ಗೆ 11 ಕಿಲೊವ್ಯಾಟ್, ಜೊತೆಗೆ ಡ್ರೈಯರ್, ಓವನ್, ಮನೆ ಬೆಚ್ಚಗಿಡುವ ಹೀಟ್ ಪಂಪ್. "ಎಲ್ಲಾ ಒಟ್ಟಿಗೆ ಯಾಕ್ರೀ?" ಅಂದಳು ಹೆಂಡತಿ. ಬಿಟ್ಟಿ ಕರೆಂಟ್ ಕಣೇ ಅಂದೆ. ಮೂರೂ ಸಲ ಆ ಗಂಟೆಯ ಸರಾಸರಿ 15 ಕಿಲೊವ್ಯಾಟ್ ದಾಟಿತು. ದರದಲ್ಲಿ ಉಳಿದದ್ದು ನೂರು ಕ್ರೋನವೂ ಇಲ್ಲ. ಎಂದಿನಂತೆ 400 ಬರಬೇಕಿದ್ದ ಆ ಸಾಲು 1,200ಕ್ಕೆ ಏರಿತ್ತು. ಅಂದಹಾಗೆ ಬಿಟ್ಟಿಯೂ ಅಲ್ಲ: ದರ ಸೊನ್ನೆಯಾದರೂ ವಿದ್ಯುತ್ ತೆರಿಗೆ ತಪ್ಪುವುದಿಲ್ಲ.

ಬೆಸ್ಕಾಂ ಬಿಲ್ಲಿನಲ್ಲೂ ಕಿಲೊವ್ಯಾಟ್ ಲೆಕ್ಕದ ಶುಲ್ಕವಿದೆ, ಆದರೆ ಅದು ಮಂಜೂರಾದ ಲೋಡ್ ಮೇಲೆ. ಬೈಯುತ್ತಿದ್ದೆವಾದರೂ ಅದು ಅರ್ಥವಾಗುತ್ತಿತ್ತು! ಗಾಳಿ ಬೀಸಿದಾಗ ಅಗ್ಗವಾಗುವ ದರ ನನಗೆ ಒಪ್ಪಿಗೆ. ಎಲ್ಲರೂ ಒಮ್ಮೆಲೇ ಎಳೆದರೆ ತಂತಿ ತಾಳುವುದಿಲ್ಲ ಅನ್ನುವುದೂ ನಿಜ. ಆದರೆ ಒಬ್ಬರು 'ಈಗಲೇ ಬಳಸು' ಅಂತ, ಇನ್ನೊಬ್ಬರು 'ಒಟ್ಟಿಗೆ ಬೇಡ' ಅಂತ ಒಂದೇ ಮನೆಗೆ ಹೇಳಿದರೆ ಸಾಮಾನ್ಯರು ಏನು ಮಾಡಬೇಕು?

ತಂತಿಯ ಕಂಪನಿಯನ್ನು ನೀವು ಆರಿಸುವ ಹಾಗಿಲ್ಲ, ವಿಳಾಸವೇ ಆರಿಸುತ್ತದೆ. ನಿಯಮವೂ ಕಂಪನಿಗೊಂದು: ಕೆಲವರಲ್ಲಿ ಈ ಶುಲ್ಕವೇ ಇಲ್ಲ. ಹಾಗಾಗಿ ಪಕ್ಕದ ಊರಿನ ಗೆಳೆಯನ ಮಾತು ನಂಬದೆ ನಿಮ್ಮ ಕಂಪನಿಯ ದರಪಟ್ಟಿ ಓದಿ. ನಾನೀಗ ಕಾರನ್ನು ಮೂರು ಫೇಸ್, 6 ಆ್ಯಂಪಿಯರ್‌ಗೆ ಇಳಿಸಿ ರಾತ್ರಿ ಹತ್ತಕ್ಕೆ ಹಚ್ಚುತ್ತೇನೆ. ಸುಮಾರು 4 ಕಿಲೊವ್ಯಾಟ್. ಬೆಳಗಾಗುವಷ್ಟರಲ್ಲಿ 30 ಯೂನಿಟ್ ಮೇಲೆ ತುಂಬಿರುತ್ತದೆ, ನನ್ನ ಓಡಾಟಕ್ಕೆ ಧಾರಾಳ. ಚಾರ್ಜರ್ ಜೊತೆ ಲೋಡ್ ಬ್ಯಾಲೆನ್ಸರ್ ಹಾಕಿಸಿದ್ದೇನೆ ಅಂತ ನಿಶ್ಚಿಂತರಾಗಬೇಡಿ. ಅದು ಮುಖ್ಯ ಫ್ಯೂಸ್ ಹಾರದಂತೆ ನೋಡಿಕೊಳ್ಳುತ್ತದೆ, ಬೇರೆ ಮಿತಿ ಹಾಕದಿದ್ದರೆ ಬಿಲ್ಲು ಏರದಂತೆ ಅಲ್ಲ.

ಒಗ್ಗರಣೆಗೆ ಮಾತ್ರ ಹೆದರಬೇಕಿಲ್ಲ. ಲೆಕ್ಕ ಹಿಡಿಯುವುದು ಇಡೀ ಗಂಟೆಯ ಸರಾಸರಿ. 2 ಕಿಲೊವ್ಯಾಟ್ ಒಲೆ ಹತ್ತು ನಿಮಿಷ ಉರಿದರೆ ಆ ಗಂಟೆಗೆ ಸೇರುವುದು ಅದರ ಆರನೇ ಒಂದು ಭಾಗವಷ್ಟೇ.