ಕುಂಕುಮದ ನೀರು, ಕಣ್ಣಂದಾಜು

ಲೇಬರ್ ರೂಮ್ ಡ್ಯೂಟಿ ಶುರುಮಾಡಿ ಹನ್ನೊಂದು ವರ್ಷ. ಹೆರಿಗೆಯಲ್ಲಿ ಹೋದ ರಕ್ತ ಎಷ್ಟು ಅಂತ ಕೇಸ್ ಶೀಟಿನಲ್ಲಿ ನಾನು ಬರೆಯುತ್ತಿದ್ದದ್ದು ಹೆಚ್ಚಾಗಿ ಒಂದೇ: 200 ಮಿ.ಲೀ. ಅಳೆದು ಅಲ್ಲ, ಸುಮ್ನೆ ನೋಡಿ.

2023ರಲ್ಲಿ, ಹೆರಿಗೆಯಾದ ಮೇಲಿನ ರಕ್ತಸ್ರಾವದ ಬಗ್ಗೆ ನಡೆದ ಇ-ಮೋಟಿವ್ ಅಧ್ಯಯನದ ಫಲಿತಾಂಶ ಬಂತು. ಆಫ್ರಿಕಾದ ನಾಲ್ಕು ದೇಶ, 80 ಆಸ್ಪತ್ರೆ, ಎರಡು ಲಕ್ಷ ದಾಟಿದ ಹೆರಿಗೆ. ತಾಯಿಯ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಬೇಕು. ರಕ್ತ 500 ಮಿ.ಲೀ. ಮಿತಿ ದಾಟಿದರೆ ಗರ್ಭಕೋಶ ನೀವುವುದು, ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್, ರಕ್ತ ಹೆಪ್ಪು ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ತಪಾಸಣೆ ಎಲ್ಲ ಒಟ್ಟಿಗೆ. ಒಂದು ಕೊಟ್ಟು, ಕಾದು, ಇನ್ನೊಂದು ಕೊಡುವುದಲ್ಲ. ಮಾಮೂಲಿ ಆರೈಕೆಯಲ್ಲಿ ನೂರರಲ್ಲಿ 4.3 ತಾಯಂದಿರಿಗೆ ತೀವ್ರ ತೊಂದರೆಯಾದರೆ, ಹೀಗೆ ಮಾಡಿದ ಕಡೆ 1.6. ಇಂಥ ಚೀಲವನ್ನು ಬೆಳಗಾವಿ ಹಳ್ಳಿಗಳ ಅಧ್ಯಯನದಲ್ಲಿ 20 ವರ್ಷದ ಹಿಂದೆಯೇ ಬಳಸಿದ್ದರು. ನಮ್ಮ ತಾಲ್ಲೂಕು ಮುಟ್ಟಲು ಇಷ್ಟು ದಿನ ಬೇಕಾಯಿತು ನೋಡಿ.

ಚೀಲ ಬಂತು. ಬಂದದ್ದು ಕಪಾಟಿನಲ್ಲೇ ಕೂತಿತು. "ಸಿಸ್ಟರ್, ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಹೊಸ ಹುಡುಗಿ.

ಒಂದು ಮಧ್ಯಾಹ್ನ ಕುಂಕುಮ ಕಲಸಿದ ನೀರನ್ನು ಸರಿಯಾಗಿ 500 ಮಿ.ಲೀ. ಅಳೆದು, ಹಳೇ ಬೆಡ್‌ಶೀಟು, ಪ್ಯಾಡುಗಳ ಮೇಲೆ ಸುರಿದೆ. ಎಲ್ಲರನ್ನೂ ಕರೆದು ಎಷ್ಟಿದೆ ಹೇಳಿ ಎಂದೆ. ಒಬ್ಬರು 200 ಎಂದರು, ಇನ್ನೊಬ್ಬರು 250. ಸರಿ ಹೇಳಿದ್ದು ಆಯಮ್ಮ ಒಬ್ಬರೇ. ದಿನಾ ಆ ಬಟ್ಟೆ ಒಗೆಯುವವರು ಅವರು ತಾನೆ!

ಆದರೂ ಅಡ್ಡಿ ಬೇರೆಯೇ ಇತ್ತು. 600 ಅಂತ ಬರೆದರೆ ಮೇಲಿನವರು ಕೇಳ್ತಾರೆ ಅನ್ನೋ ಭಯ. ನನಗೂ ಇತ್ತು. ಡಾಕ್ಟರ್ ಮೇಡಂ ಹತ್ತಿರ ಇದನ್ನೇ ಹೇಳಿದೆ. ಅವರು ಎಲ್ಲರ ಮುಂದೆ, "ಇನ್ಮೇಲೆ ಎಲ್ಲರಿಗೂ 200 ಅಂತ ಬರೆದವರನ್ನೇ ಕೇಳ್ತೀನಿ" ಎಂದರು. ಅಲ್ಲಿಂದ ಚೀಲ ಕಪಾಟಿನಿಂದ ಹೊರಗೆ ಬಂತು. ಮೊದಲ ತಿಂಗಳು ರಿಜಿಸ್ಟರಿನಲ್ಲಿ ರಕ್ತಸ್ರಾವದ ಕೇಸು ಜಾಸ್ತಿಯಾದವು. ಮೊದಲೂ ಇದ್ದವು, ಬರೆದಿರಲಿಲ್ಲ ಅಷ್ಟೆ.

ಔಷಧಿಗಳು ಸ್ಟೋರಿನಲ್ಲಿ ಬೀಗದೊಳಗಿದ್ದವು. ಎಲ್ಲವನ್ನೂ ಒಂದು ಟ್ರೇಗೆ ಹಾಕಿ ಬೆಡ್ ಪಕ್ಕ ಇಟ್ಟೆವು. ಆಕ್ಸಿಟೋಸಿನ್ ತಣ್ಣಗಿರಬೇಕು, ಹಾಗಾಗಿ ಫ್ರಿಜ್ಜನ್ನೇ ಲೇಬರ್ ರೂಮಿಗೆ ತಳ್ಳಿಕೊಂಡು ಬಂದೆವು.

ಆಮೇಲೊಂದು ರಾತ್ರಿ, ಎರಡನೇ ಹೆರಿಗೆಯ ತಾಯಿ. ಕಸ (ಮಾಸು) ಬಿದ್ದಾಗಿತ್ತು, ಮಗು ಅಳುತ್ತಿತ್ತು. ಹೊಸ ಹುಡುಗಿ ಚೀಲದತ್ತ ಬಗ್ಗಿ, "ಸಿಸ್ಟರ್, 500 ದಾಟ್ತು" ಎಂದಳು. ನಾನು ಮುಖ ನೋಡಿದೆ. ತಾಯಿ ನಗುತ್ತಲೇ ಇದ್ದಳು. ಹಿಂದಿನ ನಾನಾಗಿದ್ದರೆ ಸ್ವಲ್ಪ ಹೊತ್ತು ನೋಡೋಣ ಎನ್ನುತ್ತಿದ್ದೆ. ಅಷ್ಟರಲ್ಲಿ ಅವಳು ಟ್ರೇ ಎಳೆದುಕೊಂಡಾಗಿತ್ತು.