ನನ್ನ ತಾಟನ್ನು ನಾನೇ ತೂಗಿದೆ

ಬೆಟಗೇರಿಯಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. ಬೆಳಗಿನಿಂದ ರಾತ್ರಿಯವರೆಗೆ ಊರವರ ಬೇಳೆ, ಬೆಲ್ಲ, ಜೋಳ ತೂಗುವುದೇ ನನ್ನ ಕಸುಬು. ಹತ್ತು ಗ್ರಾಂ ಕಡಿಮೆ ಬಿದ್ದರೆ ಗಿರಾಕಿ ಬಿಡುವುದಿಲ್ಲ, ಹತ್ತು ಗ್ರಾಂ ಹೆಚ್ಚು ಬಿದ್ದರೆ ನಾನು ಬಿಡುವುದಿಲ್ಲ. ಹೀಗಿದ್ದೂ ನನ್ನ ತಾಟಿನಲ್ಲಿ ಏನೆಷ್ಟು ಬೀಳುತ್ತಿದೆ ಎಂದು ಐವತ್ತು ವರ್ಷ ತೂಗಿ ನೋಡಿರಲಿಲ್ಲ.

ಟೈಪ್ 2 ಮಧುಮೇಹ ಎಂದು ಗೊತ್ತಾದದ್ದು 2022ರಲ್ಲಿ. ಕಣ್ಣು ಮಂಜಾಗುತ್ತದೆ ಎಂದು ಚಷ್ಮಾ ಬದಲಿಸಲು ಹೋದವನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಖಾಲಿ ಹೊಟ್ಟೆಯ ಸಕ್ಕರೆ 186, ಎಚ್‌ಬಿಎ1ಸಿ 9.1. ಈ ಎರಡನೆಯದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, 6.5 ಮುಟ್ಟಿದರೆ ಮಧುಮೇಹ. ಹಿಂದಿನ ರಾತ್ರಿ ಉಪವಾಸ ಮಲಗಿ ಇದನ್ನು ಮೋಸ ಮಾಡಲು ಬರುವುದಿಲ್ಲ. ಡಾಕ್ಟರು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎಂಬ ಎರಡು ಗುಳಿಗೆ ಬರೆದುಕೊಟ್ಟರು. ಉಳಿದ ಚಿಕಿತ್ಸೆಯನ್ನು ಓಣಿಯವರು ಹೇಳಿದರು: ಅನ್ನ ಬಿಡಿ, ಸಕ್ಕರೆ ಬಿಡಿ, ಜೋಳದ ರೊಟ್ಟಿ ಎಷ್ಟಾದರೂ ತಿನ್ನಿ.

ಹಾಗೆಯೇ ಮಾಡಿದೆ. ಚಹಾದ ಸಕ್ಕರೆ ನಿಂತಿತು, ಅನ್ನ ನಿಂತಿತು, ಅನ್ನದ ಜಾಗದಲ್ಲಿ ಇನ್ನೊಂದು ರೊಟ್ಟಿ ಬಂದು ಕುಳಿತಿತು. ಒಂದೂವರೆ ವರ್ಷ ಕಳೆದರೂ ಎಚ್‌ಬಿಎ1ಸಿ 8.4ರಲ್ಲೇ ನಿಂತಿತ್ತು.

2023ರ ದಸರೆಗೆ ಬಂದ ತಂಗಿಯ ಮಗ ಒಂದು ಗ್ಲುಕೋಮೀಟರ್ ಕೊಟ್ಟು, "ಮಾವ, ಊಟವಾದ ಎರಡು ತಾಸಿಗೆ ನೋಡಿಕೊಳ್ಳಿ" ಎಂದ. ಮಧ್ಯಾಹ್ನ ಮೂರು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅನ್ನದ ಅಗಳೂ ಇಲ್ಲ. ಎರಡು ತಾಸಿಗೆ ಬೆರಳು ಚುಚ್ಚಿದರೆ 262. ಯಂತ್ರ ಕೆಟ್ಟಿದೆ ಎಂದುಕೊಂಡು ಹೆಂಡತಿಯ ಬೆರಳಿಗೂ ಚುಚ್ಚಿದೆ. ಅವಳದು 118. ಯಂತ್ರ ಚೆನ್ನಾಗಿಯೇ ಇತ್ತು.

ಮರುದಿನ ಅಂಗಡಿಯ ತೂಕದ ಯಂತ್ರ ಅಡುಗೆಮನೆಗೆ ಹೋಯಿತು. ಅರ್ಧ ಕಿಲೋ ಮಾಲದಂಡಿ ಜೋಳದ ಹಿಟ್ಟಿಗೆ ಅವಳು ಎಂಟು ರೊಟ್ಟಿ ಬಡಿದಳು. ಅಂದರೆ ರೊಟ್ಟಿಗೆ 62 ಗ್ರಾಂ ಹಿಟ್ಟು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಒಂದು ರೊಟ್ಟಿಗೆ 43, ಮೂರಕ್ಕೆ 130. ಕಾರ್ಬೊಹೈಡ್ರೇಟ್ ಎಂದರೆ ಕೊನೆಗೆ ರಕ್ತದಲ್ಲಿ ಸಕ್ಕರೆಯಾಗುವ ಸರಕು. ಬೆಳಗಿನ ಅವಲಕ್ಕಿ, ರಾತ್ರಿಯ ಮೂರು ರೊಟ್ಟಿ, ಗಿರಾಕಿಗಳ ಜೊತೆ ಮುಕ್ಕುವ ಚುರುಮುರಿ ಎಲ್ಲ ಸೇರಿಸಿದರೆ ದಿನಕ್ಕೆ 350 ಗ್ರಾಂ ಸಮೀಪ. ಲೋ-ಕಾರ್ಬ್, ಅಂದರೆ ಕಾರ್ಬೊಹೈಡ್ರೇಟ್ ಕಡಿಮೆ ಎನ್ನುವ ಊಟದಲ್ಲಿ ಇಡೀ ದಿನಕ್ಕೆ 130ಕ್ಕಿಂತ ಕಡಿಮೆ. ಅಷ್ಟನ್ನು ನಾನು ಮಧ್ಯಾಹ್ನದ ಒಂದೇ ಊಟದಲ್ಲಿ ಮುಗಿಸುತ್ತಿದ್ದೆ.

ರೊಟ್ಟಿಯನ್ನು ಬೈಯುತ್ತಿಲ್ಲ. ಅನ್ನಕ್ಕಿಂತ ಅದರಲ್ಲಿ ನಾರು ಹೆಚ್ಚು. ಆದರೆ "ಎಷ್ಟಾದರೂ" ಎಂಬ ಮಾತು ಸುಳ್ಳು. ಸಿರಿಧಾನ್ಯದ ಕಥೆಯೂ ಇದೇ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ನವಣೆ, ಸಾವೆ, ಊದಲು ಕೇಳಿಕೊಂಡು ಬರುವವರು ಹೆಚ್ಚಾದರು. "ಶುಗರಿಗೆ ಒಳ್ಳೆಯದಲ್ಲವೇ ಸಾಹುಕಾರರೇ?" ಎನ್ನುತ್ತಿದ್ದರು. ಹೌದು ಎಂದು ಮಾರಿದವನು ನಾನೇ. ನೂರು ಗ್ರಾಂ ನವಣೆಯಲ್ಲೂ ಕಾರ್ಬೊಹೈಡ್ರೇಟ್ 60 ಗ್ರಾಂ ಮೇಲೆಯೇ ಇದೆ ಎಂದು ಈಗ ಹೇಳಿಯೇ ಕೊಡುತ್ತೇನೆ. ವ್ಯಾಪಾರ ಸ್ವಲ್ಪ ಕುಗ್ಗಿದೆ.

ಇಲ್ಲಿ ನಾನು ಮಾಡಿದ ದಡ್ಡತನವನ್ನು ಬಿಡಿಸಿ ಹೇಳಬೇಕು. ಲೆಕ್ಕ ಸಿಕ್ಕ ಹುರುಪಿನಲ್ಲಿ ಡಾಕ್ಟರಿಗೆ ಹೇಳದೆ ಮರುದಿನದಿಂದಲೇ ಊಟ ಕಡಿತ ಮಾಡಿದೆ. ಗುಳಿಗೆ ಮಾತ್ರ ಹಳೆಯ ಪ್ರಮಾಣದಲ್ಲೇ ನುಂಗುತ್ತಿದ್ದೆ. ನಾಲ್ಕನೆಯ ದಿನ ಹನ್ನೊಂದೂವರೆಯ ಹೊತ್ತು. ಒಬ್ಬ ಹೆಣ್ಣುಮಗಳಿಗೆ ಒಂದು ಕಿಲೋ ತೊಗರಿಬೇಳೆ ಹಾಕುತ್ತಿದ್ದೆ. ತೂಕದ ಯಂತ್ರದ ಕೆಂಪು ಅಂಕಿಗಳು ಒಂದರ ಮೇಲೊಂದು ಹತ್ತಿದಂತೆ ಕಂಡವು. ಅಂಗಿಯ ಬೆನ್ನು ತೊಯ್ದುಹೋಯಿತು. ಕೈ ನಡುಗಿ ಬೇಳೆ ನೆಲಕ್ಕೆಲ್ಲ ಚೆಲ್ಲಿತು. "ಏನಾಯಿತು ಅಣ್ಣಾ?" ಎಂದು ಆಕೆ ಕೇಳಿದ್ದು ದೂರದಿಂದ ಕೇಳಿಸಿತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಯಂತ್ರವಿತ್ತು, ಚುಚ್ಚಿಕೊಂಡೆ: 58. ಒಂದೂವರೆ ವರ್ಷ ಮುಟ್ಟದಿದ್ದ ಬೆಲ್ಲದ ಪೆಂಟಿಗೆ ಕೈ ಹಾಕಿ ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಕಾಲು ತಾಸಿಗೆ 84ಕ್ಕೆ ಬಂತು.

ಸಂಜೆ ಡಾಕ್ಟರರ ಹತ್ತಿರ ಬೈಸಿಕೊಂಡೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಾಮಾನ್ಯವಾಗಿ ಸಕ್ಕರೆ ಹೀಗೆ ಕುಸಿಯುವುದಿಲ್ಲ. ಗ್ಲಿಮೆಪಿರೈಡ್ ಹಾಗಲ್ಲ, ನೀವು ಉಂಡರೂ ಬಿಟ್ಟರೂ ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತದೆ ಎಂದು ವಿವರಿಸಿದರು. ಅದನ್ನು ಮೊದಲು ಅರ್ಧಕ್ಕಿಳಿಸಿ, ಮೂರು ವಾರದ ನಂತರ ನಿಲ್ಲಿಸಿದರು. ಡಾಪಾಗ್ಲಿಫ್ಲೋಜಿನ್‌ನಂತಹ, ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವ ಗುಳಿಗೆ ಬೇರೆ ಯಾರಾದರೂ ಕೊಟ್ಟಿದ್ದಾರೆಯೇ ಎಂದೂ ಕೇಳಿದರು. ಅದನ್ನು ತೆಗೆದುಕೊಳ್ಳುತ್ತ ಕಾರ್ಬೊಹೈಡ್ರೇಟ್ ತೀರಾ ಇಳಿಸಿದರೆ ಸಕ್ಕರೆ ಏರದೆಯೇ ರಕ್ತ ಆಮ್ಲವಾಗುವ ಅಪಾಯವಿದೆಯಂತೆ. ಕಿಡ್ನಿಯ ಪರೀಕ್ಷೆ ಮಾಡಿಸಿದ ಮೇಲೆಯೇ ದಿನಕ್ಕೆ 100ರಿಂದ 120 ಗ್ರಾಂ ಎಂದು ಒಪ್ಪಿದರು. ಈ ಭೇಟಿ ಮೊದಲು ಆಗಬೇಕಿತ್ತು, ಊಟದ ಕಡಿತ ನಂತರ.

ಊಟ ಬದಲಿಸುವುದಕ್ಕೆ ಪೇಟೆಯಿಂದ ಹೊಸದೇನೂ ತರಲಿಲ್ಲ. ರೊಟ್ಟಿಗೆ ಪಲ್ಯ ಹಚ್ಚಿಕೊಂಡು ತಿನ್ನುವವನು ಪಲ್ಯಕ್ಕೆ ರೊಟ್ಟಿ ಹಚ್ಚಿಕೊಂಡು ತಿನ್ನತೊಡಗಿದೆ, ಅಷ್ಟೇ. ಬೆಳಿಗ್ಗೆ ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ ಅಥವಾ ಹೆಸರುಬೇಳೆ ದೋಸೆ, ಜೊತೆಗೆ ಮನೆಯಲ್ಲೇ ಹಾಲೊಡೆಸಿ ಮಾಡಿದ ಪನೀರು. ಮಧ್ಯಾಹ್ನ ಮೊದಲು ಹಕ್ಕರಕಿ, ಮೆಂತ್ಯ ಸೊಪ್ಪು, ಸವತೆಕಾಯಿ, ಉಳ್ಳಾಗಡ್ಡಿ. ಆಮೇಲೆ ದೊಡ್ಡ ಬಟ್ಟಲು ಪಲ್ಯ, ಗಟ್ಟಿಯಾದ ಮೊಸರು, ಗುರೆಳ್ಳು ಚಟ್ನಿ. ಕೊನೆಗೆ ಒಂದೇ ಸಣ್ಣ ರೊಟ್ಟಿ. ಸೊಪ್ಪು, ಪಲ್ಯ ಮುಂಚೆ ತಿಂದು ರೊಟ್ಟಿ ಕೊನೆಗೆ ತಿಂದರೆ ಎರಡು ತಾಸಿನ ಅಂಕಿ ನನಗೆ 20ರಿಂದ 30 ಕಡಿಮೆ ಬರುತ್ತದೆ. ನಾಲ್ಕು ಸಲ ಪರೀಕ್ಷಿಸಿದೆ. ರಾತ್ರಿ ರೊಟ್ಟಿಯಿಲ್ಲ. ಪುಂಡಿಪಲ್ಯಕ್ಕೆ ಹಾಕುವ ಜೋಳದ ನುಚ್ಚನ್ನು ಹೆಂಡತಿ ಬಿಟ್ಟು ಶೇಂಗಾ ಹೆಚ್ಚು ಹಾಕಿದಳು. ನುಚ್ಚಿಲ್ಲದ ಪುಂಡಿಪಲ್ಯ ಮೊದಲ ವಾರ ಹುಳಿ ಹುಳಿ, ನಂತರ ರೂಢಿಯಾಯಿತು. ಝುಣಕದ ವಿಷಯದಲ್ಲಿ ಎಚ್ಚರ: ಕಡಲೆಹಿಟ್ಟಿಗೂ ಲೆಕ್ಕವಿದೆ.

ಮೊದಲ ಐದಾರು ದಿನ ತಲೆನೋವು, ಸುಸ್ತು, ಮಲಬದ್ಧತೆ. ಕಾರ್ಬೊಹೈಡ್ರೇಟ್ ಇಳಿದಾಗ ದೇಹ ನೀರು, ಉಪ್ಪನ್ನು ಹೊರಹಾಕುತ್ತದೆ. ನನಗೆ ರಕ್ತದೊತ್ತಡವಿಲ್ಲ, ಹಾಗಾಗಿ ಉಪ್ಪು ಹಾಕಿದ ಮಜ್ಜಿಗೆ ಕುಡಿದೆ, ಸರಿಹೋಯಿತು. ಎಣ್ಣೆ ಕೈ ಬಿಟ್ಟು ಸುರಿದ ಪರಿಣಾಮ ಕೆಟ್ಟ ಕೊಲೆಸ್ಟ್ರಾಲ್ ಒಂದು ಸಲ ಏರಿತು, ಆಮೇಲೆ ಅದಕ್ಕೂ ಅಳತೆ ಚಮಚ ಬಂತು. ಬೆಳಗಿನ ಅಂಕಿ ಮಾತ್ರ ಹಟಮಾರಿ. ರಾತ್ರಿ 110 ಇದ್ದದ್ದು ನಸುಕಿನಲ್ಲಿ 128. ಏನೂ ತಿನ್ನದೆ ಏರಿದ್ದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆ. ಏಳುವ ಹೊತ್ತಿಗೆ ಯಕೃತ್ತು ತಾನೇ ಸಕ್ಕರೆ ಬಿಡುತ್ತದಂತೆ. ಊಟದ ನಂತರ ಭೀಷ್ಮ ಕೆರೆಯ ದಂಡೆಯಲ್ಲಿ ಇಪ್ಪತ್ತು ನಿಮಿಷ ನಡೆದ ದಿನ ಅದೂ ತುಸು ಇಳಿಯುತ್ತದೆ.

ಹಸಿವೆಗಿಂತ ಕಷ್ಟವಾದದ್ದು ಮಂದಿ. ಮದುವೆಯಲ್ಲಿ ಗೋಧಿಹುಗ್ಗಿ ಬೇಡ ಎಂದರೆ ಬೀಗರಿಗೆ ಸಿಟ್ಟು. ನಾಗರ ಪಂಚಮಿಗೆ ಐದು ಮನೆಯಿಂದ ಉಂಡಿಗಳು. ಪಂಚಮಿಗೆ ಒಂದು ಶೇಂಗಾ ಉಂಡಿ ಎಂದು ನಿಯಮ ಮಾಡಿಕೊಂಡೆ, ಎರಡು ತಿಂದೆ, 204 ಬಂತು, ಮರುದಿನ ಹಳೆಯ ದಾರಿಗೆ ಮರಳಿದೆ.

ಆರು ತಿಂಗಳಿಗೆ ಎಚ್‌ಬಿಎ1ಸಿ 6.6, ತೂಕ 81ರಿಂದ 74 ಕಿಲೋ. ಮೆಟ್‌ಫಾರ್ಮಿನ್ ಇನ್ನೂ ಇದೆ. ಗಲ್ಲಾಪೆಟ್ಟಿಗೆಯಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣವೂ ಇದೆ.

ಅವ್ವನಿಗೆ ಮಾತ್ರ ಇದಾವುದೂ ಒಪ್ಪಿಗೆಯಿಲ್ಲ. "ಎರಡು ರೊಟ್ಟಿ ಉಣ್ಣದವನು ಜೋಳದ ಚೀಲ ಹೇಗೆ ಎತ್ತುತ್ತಾನೆ?" ಎಂಬುದು ಅವಳ ಪ್ರಶ್ನೆ. ಅವಳ ಮುಂದೆಯೇ ಎತ್ತಿ ತೋರಿಸಿದ್ದೇನೆ. ಹೆಂಡತಿ ನನಗೆಂದೇ ಈಗ 35 ಗ್ರಾಂ ಹಿಟ್ಟು ತೂಗಿ ಒಂದು ಸಣ್ಣ ರೊಟ್ಟಿ ಬಡಿಯುತ್ತಾಳೆ. ಅವ್ವ ಅದನ್ನು ರೊಟ್ಟಿ ಎಂದು ಒಪ್ಪುವುದಿಲ್ಲ, "ನಿನ್ನ ಗಂಡನ ಪೂರಿ ಆಯಿತೇನು?" ಎಂದು ಸೊಸೆಯನ್ನು ಕೇಳುತ್ತಾಳೆ.